ಗೋರಿಗಳ ನಡುವೆ ಐದು ದಿನ: ವಿಜಯಪುರದಿಂದ ಅಷ್ಟೂರಿನವರೆಗೆ

ಹಳೆಯ ಸ್ಮಶಾನಗಳನ್ನೂ ಗೋರಿಗಳನ್ನೂ ಹುಡುಕಿಕೊಂಡು ಹೋಗಿ ಛಾಯಾಚಿತ್ರ ತೆಗೆಯುವ ಹವ್ಯಾಸ ನನಗೆ ಹತ್ತಿಕೊಂಡು ಹನ್ನೆರಡು ವರ್ಷಗಳಾದವು. 1824ರಲ್ಲಿ ಕಿತ್ತೂರಿನಲ್ಲಿ ಮಡಿದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಸಮಾಧಿ ನಮ್ಮ ಧಾರವಾಡದಲ್ಲಿಯೇ ಇದೆ. ಅದರ ಎದುರು ಒಂದು ಸಂಜೆ ಸುಮ್ಮನೆ ನಿಂತಿದ್ದಾಗ ಶುರುವಾದ ಕುತೂಹಲ ಇದು. ಸ್ಮಶಾನಕ್ಕೆ ಹೋಗಿ ಬಂದವರು ಮಿಂದ ಮೇಲೆಯೇ ಹೊಸ್ತಿಲು ದಾಟಬೇಕೆಂಬುದು ನಮ್ಮ ಅವ್ವನ ನಿಯಮ. ಅವಳು ನನ್ನನ್ನು ಎಂದೂ ತಡೆದವಳಲ್ಲ. ನಾನು ಮರಳುವ ಹೊತ್ತಿಗೆ ಹಿತ್ತಲಲ್ಲಿ ಒಂದು ಕೊಡ ನೀರು ತುಂಬಿಟ್ಟಿರುತ್ತಾಳೆ, ಅಷ್ಟೇ.

ಈ ಸಲ ಹೊರಡುವಾಗ ಮನಸ್ಸಿನಲ್ಲಿ ಒಂದು ನಿಶ್ಚಿತ ಪ್ರಶ್ನೆ ಇತ್ತು. ಬಹಮನಿ, ಆದಿಲಶಾಹಿ, ಬರೀದಶಾಹಿ ಮನೆತನಗಳಲ್ಲಿ ತಾವು ಬದುಕಿರುವಾಗಲೇ ತಮ್ಮ ಗೋರಿಯನ್ನು ಕಟ್ಟಿಸಲು ತೊಡಗಿದವರು ಅನೇಕರಿದ್ದರು. ಹಾಗೆ ಕಟ್ಟಿಸಿದವರಲ್ಲಿ ಯಾರ ಕಟ್ಟಡ ಪೂರ್ಣವಾಯಿತು, ಅದರಲ್ಲಿ ಮಲಗುವ ಯೋಗ ಯಾರಿಗೆ ದಕ್ಕಿತು, ಇಂದು ಅವರನ್ನು ನೋಡಲು ಯಾರು ಬರುತ್ತಾರೆ ಎಂಬುದನ್ನು ಒಂದೇ ಪ್ರವಾಸದಲ್ಲಿ ನೋಡಬೇಕೆನಿಸಿತ್ತು. ಜೊತೆಗೆ ಬಂದವರು ನನಗಿಂತ ಇಪ್ಪತ್ತು ವರ್ಷ ಹಿರಿಯರಾದ, ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ನಮ್ಮ ಓಣಿಯ ಮಾಸ್ತರರು. ಪಾರಸಿಯನ್ನೂ ಅರಬ್ಬಿಯನ್ನೂ ಓದಬಲ್ಲ ಅವರಿಲ್ಲದಿದ್ದರೆ ನಾನು ನೋಡಿದ್ದರಲ್ಲಿ ಅರ್ಧದಷ್ಟು ನನಗೆ ಮೂಕವಾಗಿಯೇ ಉಳಿಯುತ್ತಿತ್ತು.

ಮೊದಲ ದಿನ: ಕೊಲ್ಹಾರದ ಮೊಸರು, ಇಬ್ರಾಹಿಂ ರೋಜಾದ ಸಂಜೆ

ನಸುಕಿನಲ್ಲಿ ಧಾರವಾಡ ಬಿಟ್ಟ ನಾವು ಬಾಗಲಕೋಟೆ ದಾಟಿ ಕೊಲ್ಹಾರದ ಸೇತುವೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಿಗ್ಗಿದ ಕೃಷ್ಣೆ ಎರಡೂ ಬದಿಗೆ ಕಣ್ಣು ಹಾಯುವವರೆಗೂ ಹರಡಿದ್ದಳು. ಸೇತುವೆಯಾಚೆ ಗಡಿಗೆಗಳಲ್ಲಿ ಹೆಪ್ಪು ಹಾಕಿದ ಮೊಸರನ್ನು ಮಾರುತ್ತಾರೆ. ಬುತ್ತಿಯಲ್ಲಿದ್ದ ಖಡಕ್ ರೊಟ್ಟಿಯನ್ನು ಮುರಿದು, ಮೇಲೆ ಶೇಂಗಾ ಹಿಂಡಿ ಉದುರಿಸಿ, ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾದ ಆ ಮೊಸರಿನೊಡನೆ ಮರದ ನೆರಳಿನಲ್ಲಿ ಕುಳಿತು ಉಂಡೆವು.

ವಿಜಯಪುರದಲ್ಲಿ ವಸತಿಗೃಹಕ್ಕೆ ಚೀಲ ಹಾಕಿ ನೇರವಾಗಿ ಇಬ್ರಾಹಿಂ ರೋಜಾಕ್ಕೆ ಹೋದೆವು. ಅಲ್ಲಿಗೆ ಮಧ್ಯಾಹ್ನದ ನಂತರವೇ ಹೋಗಬೇಕು. ಒಂದೇ ಎತ್ತರದ ಕಟ್ಟೆಯ ಮೇಲೆ ಪೂರ್ವಕ್ಕೆ ಸಮಾಧಿಯೂ ಪಶ್ಚಿಮಕ್ಕೆ ಮಸೀದಿಯೂ ಎದುರುಬದುರಾಗಿ ನಿಂತಿರುವುದರಿಂದ, ಇಳಿಬಿಸಿಲು ಸಮಾಧಿಯ ಪಶ್ಚಿಮದ ಗೋಡೆಯ ಮೇಲೆ ಓರೆಯಾಗಿ ಬೀಳುತ್ತದೆ. ಮಸೀದಿಯ ನೆರಳು ಕಟ್ಟೆಯನ್ನು ದಾಟಿ ಬರುವ ಮೊದಲು ಸಿಗುವ ಒಂದು ಗಂಟೆಯಲ್ಲಿ ಗೋಡೆಯ ಕೆತ್ತನೆಯ ಪ್ರತಿಯೊಂದು ಅಂಚೂ ಎದ್ದು ಕಾಣುತ್ತದೆ. ಕಲ್ಲಿನ ಬರಹವನ್ನು ಚಿತ್ರಿಸುವವರಿಗೆ ಓರೆ ಬೆಳಕಿಗಿಂತ ದೊಡ್ಡ ಸಹಾಯವಿಲ್ಲ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಅಥವಾ ನೀರು ಸವರುವುದು ಕಲ್ಲಿಗೆ ಮಾಡುವ ಹಿಂಸೆ. ಬಿಸಿಲು ಸಿಗದ ಮೂಲೆಗಳಲ್ಲಿ ನಾನು ಒಂದು ಸಣ್ಣ ಟಾರ್ಚನ್ನು ಗೋಡೆಗೆ ಹೊಂದಿಸಿ ಬದಿಯಿಂದ ಹಿಡಿಯುತ್ತೇನೆ. ಅಷ್ಟರಿಂದಲೇ ಸವೆದುಹೋದ ಗೆರೆಗಳೂ ಮೇಲೇಳುತ್ತವೆ.

ಈ ಕಟ್ಟಡದ ಕಿಟಕಿಗಳ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕಲ್ಲಿನ ಜಾಲಂಧ್ರವನ್ನು ಹೂಬಳ್ಳಿಗಳಿಂದಲ್ಲ, ಅರಬ್ಬಿ ಅಕ್ಷರಗಳಿಂದಲೇ ಕೊರೆದಿದ್ದಾರೆ. ಅಕ್ಷರ ಅಕ್ಷರಗಳ ನಡುವಿನ ಕಿಂಡಿಯಿಂದ ಒಳಗೆ ಬೆಳಕು ಬರುತ್ತದೆ. ಹೊರಗಿನಿಂದ ನೋಡಿದಾಗ ಅಕ್ಷರ ಬೆಳಗಿ ಕಿಂಡಿಗಳು ಕಪ್ಪಾಗುತ್ತವೆ, ಒಳಗಿನಿಂದ ನೋಡಿದಾಗ ಕಿಂಡಿಗಳು ಬೆಳಗಿ ಅಕ್ಷರ ಕಪ್ಪಾಗುತ್ತದೆ. ಒಂದೇ ಕಿಟಕಿಯನ್ನು ಎರಡೂ ಕಡೆಯಿಂದ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಅವು ಒಂದೇ ಕಿಟಕಿಯವೆಂದು ನಂಬುವುದು ಕಷ್ಟ. ಒಳಗೆ ಸುಮಾರು 40 ಅಡಿ ಚದರದ ಕೋಣೆಯ ಮೇಲೆ ಕಂಬವಿಲ್ಲದ ಸಪಾಟು ಕಲ್ಲಿನ ಛಾವಣಿ, ಅದರ ಕೆಳಗೆ ಒಂದೇ ಸಾಲಿನಲ್ಲಿ ಆರು ಗೋರಿಗಳು.

1580ರಲ್ಲಿ ಇನ್ನೂ ಬಾಲಕನಾಗಿದ್ದಾಗ ಪಟ್ಟವೇರಿ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ ದೊರೆ. ಜನರು ಅವನನ್ನು ಜಗದ್ಗುರು ಎಂದು ಕರೆದರು. ಈ ಕಟ್ಟಡವು ಮೊದಲು ರಾಣಿ ತಾಜ್ ಸುಲ್ತಾನಾಳಿಗಾಗಿ ಎದ್ದದ್ದು, ಕಡೆಗೆ ದೊರೆಯೂ ತಾಯಿಯೂ ಮಕ್ಕಳೂ ಅವಳೊಡನೆ ಅಲ್ಲಿಯೇ ಮಲಗಿದರು. ಕಟ್ಟಡದ ಹೊಣೆ ಹೊತ್ತ ಮಲಿಕ್ ಸಂದಲನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಮಾಸ್ತರರು ಅದನ್ನು ಬೆರಳು ತಾಗಿಸದೆ, ಗಾಳಿಯಲ್ಲಿಯೇ ಬೆರಳಾಡಿಸುತ್ತ ಓದಿ ತೋರಿಸಿದರು. ದೊರೆಯ ಸಮಾಧಿಯಲ್ಲಿ ಕೆಲಸಗಾರನ ಹೆಸರು ಕಂಡಾಗ ಅವರಿಗಾದ ಸಂತೋಷ ನನಗೂ ಹರಡಿತು.

ಎರಡನೆಯ ದಿನ: ಸಾತ್ ಅಲ್ಲ, ಸಾಠ್

ಗೋಳಗುಮ್ಮಟದ ಬಾಗಿಲು ತೆರೆದ ಕೂಡಲೇ ಒಳಗೆ ಹೋದೆವು. ಶಾಲೆಯ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತಿಗೆ ಜಾಗವಿರುವುದಿಲ್ಲ. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟದ ಬಗ್ಗೆ ನಮ್ಮ ಶಾಲೆಯ ಪಠ್ಯದಿಂದ ಹಿಡಿದು ಎಲ್ಲ ಕಡೆಯೂ ಬರೆದಿರುವುದರಿಂದ ನಾನು ಅದನ್ನು ಮತ್ತೆ ವರ್ಣಿಸುವುದಿಲ್ಲ. ಕೆಳಗೆ ಮರದ ಮಂಟಪದಡಿ ಕಾಣುವವು ಗುರುತಿನ ಗೋರಿಗಳು ಮಾತ್ರ, ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಆ ವಿಶಾಲವಾದ ಖಾಲಿತನ ಬೇರೆಯೇ ಆಗಿ ಕಾಣುತ್ತದೆ.

ಆದರೆ ದಕ್ಷಿಣದ ಬಾಗಿಲ ಮೇಲಿನ ಬರಹವೊಂದನ್ನು ಹೇಳದೆ ಮುಂದೆ ಹೋಗಲಾರೆ. ‘ಆಕಿಬತ್ ಮುಹಮ್ಮದ್ ಮಹಮೂದ್ ಶುದ್’ ಎಂಬ ಪಾರಸಿ ವಾಕ್ಯವದು, ಮುಹಮ್ಮದನ ಅಂತ್ಯವು ಸ್ತುತ್ಯವಾಯಿತು ಎಂದು ಅರ್ಥ. ನಮ್ಮ ಕಟಪಯಾದಿಯಲ್ಲಿರುವಂತೆ ಅರಬ್ಬಿ ಲಿಪಿಯಲ್ಲಿಯೂ ಅಕ್ಷರಕ್ಕೊಂದು ಬೆಲೆ ಇದೆ, ಅದಕ್ಕೆ ಅಬ್ಜದ್ ಎನ್ನುತ್ತಾರೆ. ಗುಮ್ಮಟದಿಂದ ಹೊರಬಂದು ಸುಸಲಾ ಮಿರ್ಚಿ ತಿನ್ನುತ್ತಿದ್ದಾಗ ಮಾಸ್ತರರು ಪೊಟ್ಟಣ ಕಟ್ಟಿದ್ದ ಕಾಗದದ ಮೇಲೆಯೇ ಲೆಕ್ಕ ಹಾಕಿದರು. ಮೊದಲ ಪದಕ್ಕೆ 573, ಎರಡನೆಯದಕ್ಕೆ 92, ಮೂರನೆಯದಕ್ಕೆ 98, ಕೊನೆಯದಕ್ಕೆ 304. ಕೂಡಿಸಿದರೆ 1067. ಅದು ಹಿಜರಿ ವರ್ಷ, ಮುಹಮ್ಮದ್ ಆದಿಲಶಹನು ತೀರಿಕೊಂಡ ಕ್ರಿಸ್ತಶಕ 1656ಕ್ಕೆ ಅದು ಸರಿಹೊಂದುತ್ತದೆ. ದೊರೆಯ ಹೆಸರು, ಅವನಿಗೊಂದು ಹಾರೈಕೆ, ಅವನು ಹೋದ ವರ್ಷ, ಮೂರನ್ನೂ ನಾಲ್ಕು ಪದಗಳಲ್ಲಿ ಕಟ್ಟಿದ ಆ ಕವಿಯ ಕೈಚಳಕಕ್ಕೆ ನಾನು ಬೆರಗಾದೆ. ಎಣ್ಣೆಯ ಕಲೆಯ ಆ ಕಾಗದ ಈಗಲೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ.

ಮುಹಮ್ಮದನ ಮಗ ಎರಡನೆಯ ಅಲಿಗೆ ಆ ಭಾಗ್ಯವಿರಲಿಲ್ಲ. 1656ರಿಂದ 1672ರವರೆಗೆ ಆಳಿದ ಅವನು ತಂದೆಯದನ್ನು ಮೀರಿಸುವ ಸಮಾಧಿ ಬೇಕೆಂದು ತೊಡಗಿದ್ದು ಕಮಾನುಗಳ ಮಟ್ಟದಲ್ಲಿಯೇ ನಿಂತಿತು, ಅದೇ ಇಂದಿನ ಬಾರಾ ಕಮಾನ್. ಕಪ್ಪು ಕಲ್ಲಿನ ಕಮಾನುಗಳ ಮೇಲೆ ಛಾವಣಿಯಾಗಿ ಆಕಾಶವಿದೆ. ಒಂದು ಕಮಾನಿನ ನೆರಳಿನಲ್ಲಿ ಮೂವರು ಹುಡುಗರು ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದರು. ಓದಿಗೆ ಈ ಜಾಗವನ್ನೇ ಏಕೆ ಆರಿಸಿಕೊಂಡಿರೆಂದು ಕೇಳಿದೆ. ಒಬ್ಬನು, “ಮನ್ಯಾಗ ಟಿವಿ ಗದ್ದಲ ಇರತೈತ್ರಿ ಸರ, ಇಲ್ಲಿ ಇವ್ರು ಸುಮ್ನ ಮಲಗಿರ್ತಾರ” ಎಂದು ಗೋರಿಗಳ ಕಡೆ ತೋರಿಸಿದ. ಅವನ ದನಿಯಲ್ಲಿ ಮನೆಯ ಹಿರಿಯರ ಬಗ್ಗೆ ಇರುವಂಥ ಸಲಿಗೆ ಇತ್ತು.

ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ ಉಂಡು ಊರಿನ ಪಶ್ಚಿಮಕ್ಕೆ ಹೊರಟೆವು. ನಾನು ಈ ಪ್ರವಾಸಕ್ಕೆ ಹೊರಟಿದ್ದೇ ಮುಖ್ಯವಾಗಿ ಆ ಜಾಗಕ್ಕಾಗಿ. ಊರವರು ಅದನ್ನು ಸಾತ್ ಕಬರ್ ಎನ್ನುತ್ತಾರೆ. ಸಾತ್ ಎಂದರೆ ಏಳು, ಕಬರ್ ಎಂದರೆ ಗೋರಿ. ಅಲ್ಲಿ ಮಲಗಿರುವವರೆಲ್ಲ ಹೆಂಗಸರು. ಮಾಸ್ತರರು ದಾರಿಯುದ್ದಕ್ಕೂ ನನ್ನ ಉಚ್ಚಾರವನ್ನು ತಿದ್ದುತ್ತಿದ್ದರು: “ಸಾತ್ ಅಲ್ಲ ತಮ್ಮಾ, ಸಾಠ್. ಅರವತ್ತು.” ಒಂದು ಠಕಾರ ತಕಾರವಾದದ್ದರಿಂದ ಐವತ್ತಕ್ಕೂ ಹೆಚ್ಚು ಹೆಂಗಸರು ಲೆಕ್ಕದಿಂದಲೇ ಬಿಟ್ಟುಹೋದಂತಾಗುತ್ತದೆಂದು ಅವರಿಗೆ ನಿಜವಾದ ಸಂಕಟ.

ಡಾಂಬರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದಾಗ ಒಂದು ತಪ್ಪಾಯಿತು. ಯಾರದೋ ಹೊಲಕ್ಕೆ ಹಾಯಿಸಿದ್ದ ನೀರು ದಾರಿಗೆ ಹರಿದು ಎರೆಮಣ್ಣು ಮೆತ್ತಗಾಗಿತ್ತು, ನಾನು ಗಮನಿಸದೆ ಕಾರನ್ನು ಅದರ ಮೇಲೆ ನಡೆಸಿದೆ. ಹಿಂದಿನ ಗಾಲಿ ಅರ್ಧದವರೆಗೆ ಹೂತುಹೋಯಿತು. ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಾರೂ ಮಾಡದ ತಪ್ಪು ಇದು. ಮೇಲೆ ಒಣಗಿದಂತೆ ಕಂಡರೂ ಇಳಿದು ಕಾಲಿನಿಂದ ಒತ್ತಿ ನೋಡದೆ ಅಲ್ಲಿ ಗಾಡಿ ಇಳಿಸಬಾರದು. ಪಕ್ಕದ ಹೊಲದ ರೈತರೊಬ್ಬರು ಬಣವೆಯಿಂದ ಒಂದು ಹೊರೆ ಕಣಿಕಿ ತಂದು ಗಾಲಿಯ ಕೆಳಗೆ ತುರುಕಿದರು, ಅವರ ಇಬ್ಬರು ಮಕ್ಕಳು ಹಿಂದಿನಿಂದ ನೂಕಿದರು. ಮುಕ್ಕಾಲು ಗಂಟೆ ಹಿಡಿಯಿತು. ದನಗಳ ಮೇವನ್ನು ನಮಗಾಗಿ ಕೆಸರಿಗೆ ಹಾಕಿದ್ದಕ್ಕೆ ಹಣ ಕೊಡಹೋದರೆ ಅವರು ಕೈ ಮುಂದೆ ಮಾಡಲಿಲ್ಲ. “ಆ ಹೆಣ್ಮಕ್ಕಳನ್ನ ನೋಡಾಕ ಬಂದೀರಿ, ನೋಡಿ ಹೋಗ್ರಿ” ಎಂದರು.

ಕಾರನ್ನು ಅಲ್ಲಿಯೇ ಬಿಟ್ಟು ನಡೆದೆವು. ಬಯಲಿನ ನಡುವೆ, ಒಂದೇ ಅಳತೆಯ, ಒಂದೇ ಮಾದರಿಯ ಕಪ್ಪು ಕಲ್ಲಿನ ಗೋರಿಗಳು ಸಾಲುಸಾಲಾಗಿ, ಅರವತ್ತಕ್ಕೂ ಹೆಚ್ಚು. ಆದಿಲಶಾಹಿಯ ಸರದಾರ ಅಫಜಲಖಾನನು 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟಾಗ, ನೀನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿ ನುಡಿದನಂತೆ. ತನ್ನ ಬಳಿಕ ಹೆಂಡಂದಿರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಬಾವಿಗೆ ನೂಕಿಸಿ ಕೊಂದನೆಂಬುದು ಇಲ್ಲಿಯ ಜನ ತಲೆಮಾರಿನಿಂದ ಹೇಳುತ್ತ ಬಂದ ಕಥೆ. ಅದೇ ವರ್ಷ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನು ಹತನಾದ. ಅವನ ಗೋರಿಯೂ ಅಲ್ಲಿಯೇ ಆಯಿತು. ಅವನು ತನಗಾಗಿ ವಿಜಯಪುರದ ಹೊರವಲಯದಲ್ಲಿ ಮಸೀದಿಯ ಪಕ್ಕದಲ್ಲಿ ಕಟ್ಟಿಸತೊಡಗಿದ್ದ ಸಮಾಧಿಗೆ ಅವನು ಬರಲೇ ಇಲ್ಲ.

ಮಾಸ್ತರರು ಗೋರಿಗಳ ಮೇಲ್ಭಾಗವನ್ನು ತೋರಿಸಿದರು. ದಖ್ಖನಿನ ಹಳೆಯ ಗೋರಿಗಳನ್ನು ಓದಲು ಕಲಿಯಬೇಕಾದ ಮೊದಲ ಪಾಠ ಅದು. ಮೇಲೆ ಉದ್ದಕ್ಕೆ ಉಬ್ಬಿದ ದಿಂಡು ಇದ್ದರೆ ಅದು ಗಂಡಸಿನದು, ಲೇಖನಿ ಇಡುವ ಪೆಟ್ಟಿಗೆಯ ಗುರುತು. ಸಪಾಟಾದ ಹಲಗೆಯಂತಿದ್ದರೆ ಹೆಂಗಸಿನದು, ಬರೆಯುವ ಪಾಟಿಯ ಗುರುತು. ಇಲ್ಲಿ ನೋಡಿದಲ್ಲೆಲ್ಲ ಪಾಟಿಗಳೇ, ಒಂದರ ಮೇಲೂ ಹೆಸರಿಲ್ಲ. ಬರೆಯಲೆಂದೇ ಇಟ್ಟಂತಿರುವ ಅಷ್ಟೊಂದು ಕಲ್ಲುಗಳು ಖಾಲಿಯಾಗಿರುವುದನ್ನು ನೋಡುತ್ತ ನನ್ನಿಂದ ಸ್ವಲ್ಪ ಹೊತ್ತು ಕ್ಯಾಮೆರಾ ಎತ್ತಲಾಗಲಿಲ್ಲ.

ಮಾಸ್ತರರು ಮೊದಲ ಸಾಲಿನ ತಲೆಯ ಬಳಿ ನಿಂತು ಎರಡೂ ಕೈ ಎತ್ತಿ ಸತ್ತವರಿಗಾಗಿ ಫಾತಿಹಾ ಓದಿದರು. ಮುಗಿಸಿ ಎರಡನೆಯ ಸಾಲಿಗೆ ಹೋಗಿ ಮತ್ತೆ ಓದಿದರು. ಒಂದು ಸಲ ಓದಿದರೆ ಎಲ್ಲರಿಗೂ ಸಲ್ಲುವುದಿಲ್ಲವೇ ಎಂದು ಕೇಳಿದೆ. ಸಲ್ಲುತ್ತದೆ, ಆದರೆ ಇವರನ್ನು ಎಲ್ಲರೂ ಒಟ್ಟಾಗಿಯೇ ನೋಡಿದ್ದಾರೆ ಎಂದರು. ಆ ಮಾತು ಕೇಳಿದ ಮೇಲೆ ನಾನೂ ದೂರದಿಂದ ಇಡೀ ಸಮೂಹವನ್ನು ಹಿಡಿಯುವ ಯೋಚನೆ ಬಿಟ್ಟು, ಪ್ರತಿಯೊಂದು ಗೋರಿಗೂ ಒಂದೊಂದು ಚಿತ್ರವೆಂದು ತೆಗೆಯುತ್ತ ಹೋದೆ. ಒಂದರ ಅಂಚು ಒಡೆದಿದೆ, ಇನ್ನೊಂದರ ಬಿರುಕಿನಲ್ಲಿ ಹುಲ್ಲು ಬೆಳೆದಿದೆ, ಮತ್ತೊಂದರ ಮೇಲೆ ಮೇಕೆಯೊಂದು ಮಲಗಿ ಎದ್ದು ಹೋದ ಗುರುತಿದೆ. ಹತ್ತಿರದಿಂದ ನೋಡಿದಾಗ ಅವು ಒಂದೇ ಮಾದರಿಯವಾಗಿ ಉಳಿಯಲಿಲ್ಲ.

ಮೇಕೆಗಳ ಒಡತಿ, ಅರವತ್ತರ ಆಸುಪಾಸಿನ ಹೆಂಗಸು, ಬೇವಿನ ಟೊಂಗೆ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಅವಳು ಹೇಳಿದ ಕಥೆಯಲ್ಲಿ ಒಂದು ಬದಲಾವಣೆ ಇತ್ತು. “ನಮ್ಮ ಅತ್ತಿ ಹೇಳತಿದ್ಲರಿ, ಒಬ್ಬಾಕಿ ಬಾವಿಗೆ ಬೀಳಲಿಲ್ಲಂತ, ಓಡಿ ಹೋದ್ಲಂತ. ಆಕಿ ಭಾಳ ಶಾಣ್ಯಾಕಿ ನೋಡ್ರಿ.” ಓಡಿ ಎಲ್ಲಿಗೆ ಹೋದಳೆಂದು ಮಾಸ್ತರರು ಕೇಳಿದರು. “ತವರಮನಿಗೆ ಹೋಗಿರಬೇಕ್ರಿ, ಮತ್ತೆಲ್ಲಿಗೆ ಹೋಗತಾಳ” ಎಂದಳು. ಹೊತ್ತು ಮುಳುಗಿತು. ಕೊನೆಯ ಸಾಲಿಗೆ ಬರುವ ಮೊದಲೇ ಬೆಳಕು ಸೋತಿತ್ತು. ಅಮಾವಾಸ್ಯೆಯ ಹತ್ತಿರದ ದಿನಗಳಾದ್ದರಿಂದ ಚಂದ್ರನೂ ಇರಲಿಲ್ಲ, ಮೊಬೈಲಿನ ದೀಪದಲ್ಲಿ ಕಾರಿನವರೆಗೆ ದಾರಿ ಹುಡುಕಿಕೊಂಡು ಬಂದೆವು.

ಮೂರನೆಯ ದಿನ: ಭೀಮೆಯಾಚೆ

ಸಿಂದಗಿ, ಜೇವರ್ಗಿಗಳ ದಾರಿಯಲ್ಲಿ ಹತ್ತಿಯ ಹೊರೆ ಹೊತ್ತ ಟ್ರ್ಯಾಕ್ಟರುಗಳು ರಸ್ತೆಯ ಅಗಲವನ್ನೆಲ್ಲ ಆವರಿಸಿ ಸಾಗುತ್ತಿದ್ದುದರಿಂದ ಅವಸರ ಮಾಡುವಂತಿರಲಿಲ್ಲ. ಬಿಳಿಜೋಳ ತೆನೆ ಹಿರಿಯುತ್ತಿತ್ತು. ಭೀಮೆಯ ಸೇತುವೆ ದಾಟಿ ಕಲಬುರಗಿ ಸೇರಿದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ತಹರಿ. ಅರಿಸಿನ ಬಣ್ಣದ ಆ ಅನ್ನದ ರುಚಿಯನ್ನು ಬೇರೆ ಊರುಗಳಲ್ಲಿ ಹುಡುಕಿ ಸೋತಿದ್ದೇನೆ.

ಹಫ್ತ್ ಗುಮ್ಮಟ ಊರಿನ ಪೂರ್ವಕ್ಕಿದೆ. ಬಹಮನಿ ಸುಲ್ತಾನರ ಹಳೆಯ ಸಮಾಧಿಗಳಲ್ಲಿ ಗೋಡೆಗಳು ಬುಡದಿಂದ ಮೇಲಕ್ಕೆ ಒಳಗೆ ವಾಲುತ್ತವೆ, ದಿಲ್ಲಿಯ ತುಘಲಕರ ಕಾಲದ ರೀತಿ ಅದು. ಅವುಗಳ ನಡುವೆ ದೊಡ್ಡದಾದದ್ದು ಫಿರೋಜಶಹನ ಜೋಡಿ ಸಮಾಧಿ. ಅದರ ಬಾಗಿಲುವಾಡದ ಮುಂದೆ ನಿಂತರೆ ನಮ್ಮ ಕಡೆಯ ಗುಡಿಯೊಂದರ ಬಾಗಿಲಿನ ನೆನಪಾಗುತ್ತದೆ. ಕಂಬಗಳ ಮಟ್ಟಸ, ಮೇಲಿನ ಚಾಚಿನ ಆಸರೆಗಳು ಗುಡಿ ಕಟ್ಟಿ ಪಳಗಿದ ಕೈಗಳ ಕೆಲಸವೆಂದು ನನಗೆ ಅನಿಸಿತು. 1397ರಲ್ಲಿ ಪಟ್ಟಕ್ಕೆ ಬಂದ ಈ ದೊರೆಯು 1422ರಲ್ಲಿ ತಮ್ಮ ಅಹಮದನಿಗೆ ಸಿಂಹಾಸನ ಬಿಟ್ಟುಕೊಡಬೇಕಾಗಿ ಬಂದು ಅದೇ ವರ್ಷ ತೀರಿಕೊಂಡ. ಅಧಿಕಾರ ಹೋದರೂ ಗೋರಿ ಮಾತ್ರ ಅವನಿಗೆ ಉಳಿಯಿತು.

ಅದೇ ವರ್ಷ, ಅದೇ ಊರಿನಲ್ಲಿ ಸೂಫಿ ಸಂತ ಖ್ವಾಜಾ ಬಂದೇ ನವಾಜರೂ ದೇಹ ಬಿಟ್ಟರು. ರಾತ್ರಿ ದರ್ಗಾಕ್ಕೆ ಹೋದೆವು. ಫಿರೋಜನ ಗುಮ್ಮಟದಲ್ಲಿ ಸಂಜೆ ಇಡೀ ನಾವಿಬ್ಬರೇ ಇದ್ದೆವು, ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸುಗೂಸುಗಳನ್ನು ಎತ್ತಿಕೊಂಡು ಬಂದವರು, ಹೂವಿನ ಚಾದರ ತಲೆಯ ಮೇಲೆ ಹೊತ್ತವರು, ಕುಂಕುಮವಿಟ್ಟವರು, ಬುರ್ಖಾ ತೊಟ್ಟವರು ಎಲ್ಲರೂ ಒಂದೇ ಸಾಲಿನಲ್ಲಿದ್ದರು. ನಾನು ಕರವಸ್ತ್ರದಿಂದ ತಲೆ ಮುಚ್ಚಿಕೊಂಡು, ಕ್ಯಾಮೆರಾವನ್ನು ಚೀಲದಲ್ಲಿಯೇ ಇಟ್ಟುಕೊಂಡೆ. ಪೂಜೆ ಪ್ರಾರ್ಥನೆ ನಡೆಯುವ ಸಮಾಧಿಯಲ್ಲಿ ಯಾರೂ ಬೇಡವೆನ್ನದಿದ್ದರೂ ಚಿತ್ರ ತೆಗೆಯಬಾರದೆಂಬುದು ನಾನು ನನಗೇ ಹಾಕಿಕೊಂಡ ಕಟ್ಟು. ಹೊರಗೆ ಬಂದು ಬಿಸಿ ಮಾಲ್ಪುರಿ ತಿಂದು ವಸತಿಗೆ ಮರಳಿದೆವು.

ನಾಲ್ಕನೆಯ ದಿನ: ನಾಲ್ಕೂ ದಿಕ್ಕಿಗೆ ತೆರೆದ ಸಮಾಧಿ

ಕಮಲಾಪುರದಲ್ಲಿ ರಸ್ತೆ ಬದಿಗೆ ಕೆಂಪು ಬಾಳೆಯ ಗೊನೆಗಳು ತೂಗಾಡುತ್ತಿದ್ದವು. ಒಂದು ಡಜನ್ ಕೊಂಡು ಹುಮನಾಬಾದಿನವರೆಗೆ ತಿನ್ನುತ್ತ ಹೋದೆವು. ಕಣಗಳಲ್ಲಿ ತೊಗರಿ ಬಡಿಯುವ ಕೆಲಸ ನಡೆದಿತ್ತು. ಬೀದರ ಹತ್ತಿರವಾದಂತೆ ಎರೆಯ ಕಪ್ಪು ಮುಗಿದು ಜಂಬಿಟ್ಟಿಗೆಯ ಕೆಂಪು ನೆಲ ತೊಡಗುತ್ತದೆ, ಗಾಳಿಯೂ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀದರಿಗೆ ಹೋಗುವವರು ಸ್ವೆಟರ್ ಮರೆಯಬಾರದು. ಮಾಸ್ತರರು ಮರೆತಿದ್ದರಿಂದ ನನ್ನ ಶಾಲು ಅವರ ಪಾಲಾಯಿತು.

ಸಂಜೆ ಉದಗೀರ ರಸ್ತೆಯ ಬದಿಗಿರುವ ಬರೀದಶಾಹಿ ಸಮಾಧಿಗಳಿಗೆ ಹೋದೆವು. ಅಲಿ ಬರೀದನು ತನ್ನ ಸಮಾಧಿಯನ್ನು 1577ರಲ್ಲಿ ಮುಗಿಸಿ, ಮೂರು ವರ್ಷಗಳ ನಂತರ 1580ರಲ್ಲಿ ಅದರೊಳಗೆ ಸೇರಿದ. ನಾನು ಹುಡುಕಿಕೊಂಡು ಹೊರಟಿದ್ದ ಪ್ರಶ್ನೆಗೆ ಇಷ್ಟು ಅಚ್ಚುಕಟ್ಟಾದ ಉತ್ತರ ಬೇರೆಲ್ಲೂ ಸಿಗಲಿಲ್ಲ. ಆ ಮೂರು ವರ್ಷಗಳಲ್ಲಿ ಅವನು ಎಷ್ಟು ಸಲ ಇಲ್ಲಿಗೆ ಬಂದು, ತಾನು ಮಲಗಲಿರುವ ಜಾಗದಲ್ಲಿ ನಿಂತು ಹೊರಗೆ ನೋಡಿರಬಹುದು ಎಂದು ಯೋಚಿಸಿದೆ. ಏಕೆಂದರೆ ಈ ಕಟ್ಟಡದಿಂದ ಹೊರಗೆ ನೋಡಬಹುದು. ಬಹುತೇಕ ಸುಲ್ತಾನರ ಸಮಾಧಿಗಳು ಕತ್ತಲೆಯ ಕೋಣೆಗಳಾದರೆ ಇದು ನಾಲ್ಕೂ ದಿಕ್ಕಿಗೆ ದೊಡ್ಡ ಕಮಾನುಗಳಿಂದ ತೆರೆದುಕೊಂಡಿದೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. ನಡುವೆ ನುಣುಪಾದ ಕಪ್ಪು ಕಲ್ಲಿನ ಗೋರಿ, ಒಳಗೋಡೆಯ ಮೇಲೆ ಬಣ್ಣದ ಹೆಂಚುಗಳಲ್ಲಿ ಪಾರಸಿ ಕವಿ ಅತ್ತಾರನ ಸಾಲುಗಳು. ಮಾಸ್ತರರು ಅವನ್ನು ಶಾಲೆಯಲ್ಲಿ ಪದ್ಯ ಹೇಳಿಸುವ ರಾಗದಲ್ಲಿ ಗಟ್ಟಿಯಾಗಿ ಓದಿದರು. ವಾಯುವಿಹಾರಕ್ಕೆ ಬಂದಿದ್ದ ಇಬ್ಬರು ಹೆಂಗಸರು ನಿಂತು ಕೇಳಿದರು. ಒಬ್ಬಾಕೆ, ತಾನು ದಿನವೂ ಇಲ್ಲಿ ಐದು ಸುತ್ತು ಹಾಕುತ್ತೇನೆ, ಗೋಡೆಯ ಮೇಲಿರುವುದು ಪದ್ಯವೆಂದು ಇಂದು ತಿಳಿಯಿತು ಎಂದರು.

ಐದನೆಯ ದಿನ: ಎಳ್ಳಮಾವಾಸ್ಯೆಯ ಅಷ್ಟೂರು

ಅಷ್ಟೂರು ಬೀದರಿನ ಪೂರ್ವಕ್ಕೆ ಮೂರು ಕಿಲೋಮೀಟರ್. ದಾರಿಯಲ್ಲಿ ದಿಬ್ಬದ ಮೇಲೆ ಸೂಫಿ ಸಂತ ಹಜರತ್ ಖಲೀಲುಲ್ಲಾರ ಎಂಟು ಮೂಲೆಯ ಸಮಾಧಿ, ಚೌಖಂಡಿ. ಅದರ ಬಾಗಿಲ ಮೇಲೆ ಕಪ್ಪು ಕಲ್ಲಿನಲ್ಲಿ ಶಿರಾಜಿನ ಮುಗೀಸನೆಂಬ ಲಿಪಿಕಾರನು ಬರೆದ ಬರಹವಿದೆ. ದಪ್ಪ ಅಕ್ಷರಗಳು ಒಂದರ ಹಿಂದೊಂದು ಬಳ್ಳಿಗಳ ನಡುವಿನಿಂದ ಏಳುತ್ತವೆ. ಬೆಳಗಿನ ಬಿಸಿಲು ಅದರ ಮೇಲೆ ಜಾರುವವರೆಗೆ ಮಂಜಿನಲ್ಲಿ ಕಾದು ಕುಳಿತೆವು, ಆ ಒಂದು ಚಿತ್ರಕ್ಕೆ ಒಂದು ಗಂಟೆ ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅಷ್ಟೂರಿನಲ್ಲಿ ಬಹಮನಿಗಳ ಸಮಾಧಿಗಳು ಒಂದು ಸಾಲಿನಲ್ಲಿ ನಿಂತಿವೆ. ಸಾಲಿನ ಉದ್ದಕ್ಕೂ ನಡೆಯುವುದೆಂದರೆ ಒಂದು ರಾಜ್ಯ ಕುಗ್ಗುವುದನ್ನು ಕಾಲಿನಿಂದ ಅಳೆದಂತೆ. ಮೊದಲು ಅಹಮದಶಹನ ಎತ್ತರದ ಗುಮ್ಮಟ, ಬಳಿಕ ಅವನ ಮಗ ಅಲಾವುದ್ದೀನನ ಹೆಂಚಿನ ಅಲಂಕಾರದ ಸಮಾಧಿ, ಅದರಾಚೆ 1458ರಿಂದ 1461ರವರೆಗೆ ಮೂರೇ ವರ್ಷ ಆಳಿ ಕ್ರೂರಿಯೆಂಬ ಹೆಸರು ಪಡೆದ ಹುಮಾಯೂನನದು. ಸಿಡಿಲು ಬಡಿದು ಅದರ ಗುಮ್ಮಟದ ಅರ್ಧ ಕಳಚಿ ಬಿದ್ದಿದೆ. ಉಳಿದರ್ಧ ಹಣ್ಣನ್ನು ಕೊಯ್ದಿಟ್ಟಂತೆ ಒಳಗಿನ ಇಟ್ಟಿಗೆಯ ಪದರುಗಳನ್ನೆಲ್ಲ ತೋರಿಸುತ್ತ ನಿಂತಿದೆ. ಇನ್ನೂ ಮುಂದೆ, ಅಧಿಕಾರವೆಲ್ಲ ಬರೀದರ ಕೈ ಸೇರಿದ ಮೇಲೆ ಹೆಸರಿಗೆ ಮಾತ್ರ ಸುಲ್ತಾನರಾಗಿದ್ದವರ ಸಮಾಧಿಗಳು. ಕೊನೆಕೊನೆಯವು ನಮ್ಮ ಊರಿನ ಸಣ್ಣ ಗುಡಿಗಳಷ್ಟೂ ಇಲ್ಲ.

ಅಹಮದಶಹನ ಸಮಾಧಿಯೊಳಗೆ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಅಲ್ಲಿಯ ಕಾವಲುಗಾರರು ಒಂದು ಕನ್ನಡಿ ತಂದು ಬಾಗಿಲ ಬಳಿ ಬಿಸಿಲಿಗೆ ಹಿಡಿದರು. ಬೆಳಕಿನ ಒಂದು ತುಂಡು ಗೋಡೆಯ ಮೇಲೆ ಏರಿ, ಮೆಲ್ಲಗೆ ಗುಮ್ಮಟದ ಒಳಮೈಯ ಮೇಲೆ ಹರಿದಾಡಿತು. ಅದು ಹೋದಲ್ಲೆಲ್ಲ ಕುಂಕುಮದ ಕೆಂಪು, ನೀಲಿ, ಬಂಗಾರದ ಗೆರೆಗಳು, ಅಕ್ಷರಗಳು ಎಚ್ಚರಗೊಂಡು ಮತ್ತೆ ಕತ್ತಲೆಗೆ ಸರಿದವು. ಫ್ಲ್ಯಾಷ್ ಇಲ್ಲಿ ಬಳಸಲೇಬಾರದು, ಆರು ನೂರು ವರ್ಷ ಹಳೆಯ ಬಣ್ಣಗಳಿವು. ನಾನು ಕ್ಯಾಮೆರಾವನ್ನು ಚೀಲದ ಮೇಲೆ ಅಲುಗಾಡದಂತೆ ಊರಿ, ಷಟರನ್ನು ದೀರ್ಘಕಾಲ ತೆರೆದಿಟ್ಟೆ. ಅವರು ಉಸಿರು ಬಿಗಿಹಿಡಿದು ಕನ್ನಡಿಯನ್ನು ನಿಶ್ಚಲವಾಗಿ ಹಿಡಿದರು. ಆ ಚಿತ್ರ ಚೆನ್ನಾಗಿ ಬಂದಿದ್ದರೆ ಅದರ ಅರ್ಧ ಪಾಲು ಅವರ ಕೈಯದು. ಪ್ರತಿ ತೆಗೆಸಿ ಅವರಿಗೆ ಅಂಚೆಯಲ್ಲಿ ಕಳಿಸಿದ್ದೇನೆ.

ಅಣ್ಣನಿಂದ ರಾಜ್ಯ ಪಡೆದು ರಾಜಧಾನಿಯನ್ನು ಬೀದರಿಗೆ ತಂದ ಈ ಅಹಮದನು, ಬರಗಾಲದಲ್ಲಿ ದಿಬ್ಬವೇರಿ ಪ್ರಾರ್ಥಿಸಿದಾಗ ಮಳೆ ಬಂದಿತೆಂದು ಜನ ಅವನನ್ನು ವಲಿ, ಅಂದರೆ ಸಂತ, ಎಂದು ಕರೆದರು. ಲಿಂಗಾಯತರು ಅವನಲ್ಲಿ ಅಲ್ಲಮಪ್ರಭುವನ್ನು ಕಂಡರು. ಹೋಳಿಯ ನಂತರ ನಡೆಯುವ ಉರುಸಿಗೆ ಮಾಡಿಯಾಳದ ಜಂಗಮರು ನಡೆದುಕೊಂಡು ಬಂದು, ಶಂಖ ಊದಿ, ಹೂವು ಏರಿಸುತ್ತಾರೆ. ಆ ಸಾಲಿನ ಅಷ್ಟು ಗುಮ್ಮಟಗಳಲ್ಲಿ ನಾವು ಹೋದ ದಿನ ಹೊಸ ಹೂವು ಇದ್ದದ್ದು ಇದೊಂದರಲ್ಲಿಯೇ.

ಅಂದು ಎಳ್ಳಮಾವಾಸ್ಯೆ. ಸಮಾಧಿಗಳ ಸುತ್ತಣ ಹೊಲಗಳಲ್ಲೆಲ್ಲ ಕುಟುಂಬಗಳು ನೆರೆದಿದ್ದವು. ಹೊರಬಂದ ನಮ್ಮನ್ನು ಒಂದು ಕುಟುಂಬದ ಹಿರಿಯಜ್ಜಿ, “ಬರ್ರಿ, ಹಬ್ಬದ ದಿನ ಹಸದು ಹೋಗಬ್ಯಾಡ್ರಿ” ಎಂದು ಕರೆದಳು. ಜೋಳದ ನಡುವೆ ಹಾಸಿದ ಕಂಬಳಿಯ ಮೇಲೆ ಕುಳಿತೆವು. ಸಜ್ಜೆಯ ರೊಟ್ಟಿ, ಹಸಿಕಾಳು ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು, ಗಡಿಗೆಯ ತಂಪು ಅಂಬಲಿ. ಮಾಸ್ತರರಿಗೆ ಅಜ್ಜಿ ಮೂರು ಸಲ ಅಂಬಲಿ ಹೊಯ್ದಳು. ನಮಗಿಂತ ಮೊದಲೇ ಹೊಲಕ್ಕೆ ಚರಗ ಚೆಲ್ಲಿ ಆಗಿತ್ತು. ಅದರಲ್ಲಿ ಒಂದು ತುತ್ತನ್ನು ಎಲೆಯಲ್ಲಿ ಎತ್ತಿಟ್ಟಿದ್ದಳು. ಅದು ಯಾರಿಗೆಂದು ಕೇಳಿದಾಗ ಗುಮ್ಮಟದ ಕಡೆ ತಿರುಗಿ, “ಮಳಿ ತಂದಾವ ಅಂವ, ಅಂವನ್ನ ಬಿಟ್ಟು ಹೆಂಗ ಉಣ್ಣೂದು” ಎಂದಳು.

ಆ ರಾತ್ರಿಯೇ ಹೊರಟು ಮರುದಿನ ಧಾರವಾಡ ಸೇರಿದೆವು. ಹಿತ್ತಲಲ್ಲಿ ನೀರು ತುಂಬಿದ ಕೊಡ ಇತ್ತು. ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಹೆಸರು ಕೊಡಲು ಕುಳಿತಾಗ ದೊರೆಗಳ ಕಡತಗಳು ಒಂದು ಸಂಜೆಯಲ್ಲಿ ಮುಗಿದವು, ಹೆಸರು, ಮನೆತನ, ಇಸವಿ ಎಲ್ಲವೂ ಇದ್ದವಲ್ಲ. ಸಾಠ್ ಕಬರಿನವಕ್ಕೆ ನನ್ನ ಬಳಿ ಇದ್ದದ್ದು ಜಾಗ ಮಾತ್ರ. ಮೊದಲ ಸಾಲು, ಎರಡನೆಯದು, ಅಂಚು ಒಡೆದದ್ದು. ಮೂರನೆಯ ಸಾಲು, ನಾಲ್ಕನೆಯದು, ಹುಲ್ಲು ಬೆಳೆದದ್ದು. ಹಾಗೆಯೇ ಬರೆದಿಟ್ಟಿದ್ದೇನೆ. ಬೆಳಕು ಸಾಲದೆ ಬಿಟ್ಟುಬಂದ ಕೊನೆಯ ಸಾಲಿಗಾಗಿ ಮಾಸ್ತರರೂ ನಾನೂ ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೇವೆ. ಆ ಸಾಲಿಗೆ ಫಾತಿಹಾ ಕೂಡ ಬಾಕಿ ಇದೆಯೆಂದು ಅವರು ನೆನಪಿಸಿದ್ದಾರೆ.